ತಡಬೆ ದಾಟುತ್ತಾ ದಾಟುತ್ತಾ: ಚಿಪ್ಪಿಂಗ್ ಕ್ಯಾಂಪ್ಡನ್‌ನಿಂದ ವಿಂಚ್‌ಕಮ್‌ಗೆ ಒಂದು ದಿನದ ನಡಿಗೆ

ಮಲೆನಾಡಿನವರಿಗೆ ತಡಬೆ ಗೊತ್ತಿರುತ್ತದೆ. ಬೇಲಿ ಹತ್ತಿ ಇಳಿಯಲು ಇಟ್ಟ ಎರಡು ಮೆಟ್ಟಿಲು. ಮನುಷ್ಯರು ದಾಟಬಹುದು, ದನ ದಾಟಲಾಗದು. ಇಂಗ್ಲೆಂಡಿನಲ್ಲಿ ಮೊದಲ ಸಲ ಒಂದು ತಡಬೆ ಕಂಡಾಗ ನಾನು ಅದರ ಮುಂದೆ ಹತ್ತು ನಿಮಿಷ ನಿಂತಿದ್ದೆ. ಆಚೆ ಯಾರದೋ ಹೊಲ, ಕುರಿಗಳು ಮೇಯುತ್ತಿದ್ದವು. ಯಾರನ್ನೂ ಕೇಳದೆ ಹೋಗುವುದು ಹೇಗೆ ಅಂತ ಅಂಜಿ ವಾಪಸ್ ಬಂದೆ. ಅದಾಗಿ ಎರಡು ವರ್ಷದ ಮೇಲೆ, ಒಂದೇ ದಿನದಲ್ಲಿ ಅಂಥ ಹೊಲಗಳ ನಡುವೆ 18 ಮೈಲಿ, ಅಂದರೆ ಸುಮಾರು 29 ಕಿ.ಮೀ. ನಡೆದೆ. ಅದು ಹೇಗಾಯಿತು ಅಂತ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ನಮ್ಮವರು ಎಷ್ಟೋ ಜನ ಆ ಅಂಜಿಕೆಯಿಂದಲೇ ಹಳ್ಳಿಗಳನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡುತ್ತಾರೆ.

ಮೊದಲು ಆ ಅಂಜಿಕೆಯ ಮಾತು. ಇಂಗ್ಲೆಂಡಿನಲ್ಲಿ ಖಾಸಗಿ ಜಮೀನಿನ ಮೇಲೂ ಸಾರ್ವಜನಿಕರ ಕಾಲುದಾರಿಗಳಿವೆ. ಜಮೀನು ರೈತನದು, ನಡೆಯುವ ಹಕ್ಕು ಎಲ್ಲರದು. 1949ರ ಒಂದು ಕಾಯ್ದೆಯಿಂದಾಗಿ ಈ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ದಾಖಲೆ ಮಾಡಿಟ್ಟಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 2 ಲಕ್ಷ ಕಿ.ಮೀ.ಗೂ ಜಾಸ್ತಿ ಇವೆ. ಹೊಲದ ನಡುವೆ ದಾರಿ ಹಾದುಹೋದರೆ ರೈತ ಉಳುಮೆ ಮಾಡಬಹುದು. ಆದರೆ ಆಮೇಲೆ ಕಾಲುದಾರಿಯನ್ನು ಮತ್ತೆ ಸರಿಮಾಡಿ ಕೊಡಬೇಕು, ಪೈರಿನ ನಡುವೆ ಕನಿಷ್ಠ ಒಂದು ಮೀಟರ್ ಅಗಲ ಬಿಡಬೇಕು. ಸೊಂಟದೆತ್ತರದ ಗೋಧಿಯೋ ಎಣ್ಣೆಕಾಳಿನ ಹಳದಿ ಹೂವೋ ಎರಡೂ ಕಡೆ ನಿಂತಿರುವಾಗ ನಡುವಿನ ಆ ಸಣ್ಣ ಸೀಳಿನಲ್ಲಿ ನಡೆಯುವುದಿದೆಯಲ್ಲ, ಅದರ ಸಂತೋಷವೇ ಬೇರೆ.

ನಾನು ಆರಿಸಿಕೊಂಡದ್ದು ಕಾಟ್ಸ್‌ವೋಲ್ಡ್ ಎಂಬ ಗುಡ್ಡಸಾಲಿನ ಉದ್ದಕ್ಕೂ ಹೋಗುವ ಕಾಟ್ಸ್‌ವೋಲ್ಡ್ ವೇ ಎಂಬ ಕಾಲುದಾರಿಯ ಮೊದಲ ತುಂಡು. ಪೂರ್ತಿ ದಾರಿ ಬಾತ್ ನಗರದವರೆಗೆ 102 ಮೈಲಿ. ಶುರುವಾಗುವುದು ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ. ಚಿಪ್ಪಿಂಗ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆ. ನಮ್ಮ ಸಂತೇಬೆನ್ನೂರು, ಸಂತೇಮರಹಳ್ಳಿಯ ಹಾಗೆಯೇ ಇದು ಸಂತೆ ಕ್ಯಾಂಪ್ಡನ್! ಇದು ಗೊತ್ತಾದ ಮೇಲೆ ಆ ಊರು ನನಗೆ ಹತ್ತಿರದ್ದಾಯಿತು.

ಹಿಂದಿನ ದಿನ ಸಂಜೆಯೇ ಹೋಗಿ ಅಲ್ಲಿ ಉಳಿದೆ. ಮೋರ್ಟನ್-ಇನ್-ಮಾರ್ಷ್ ನಿಲ್ದಾಣದವರೆಗೆ ರೈಲು, ಅಲ್ಲಿಂದ ಬಸ್ಸು. ಪೇಟೆ ಬೀದಿಯ ನಡುವೆ 1627ರಲ್ಲಿ ಕಟ್ಟಿದ ಸಂತೆ ಕಟ್ಟೆ ಇದೆ. ಮೇಲೆ ಮಾಡು, ನಾಲ್ಕೂ ಕಡೆ ಕಮಾನು, ಕೆಳಗೆ ಉಬ್ಬುತಗ್ಗಿನ ಕಲ್ಲುಹಾಸು. ಬೆಣ್ಣೆ, ಚೀಸ್, ಕೋಳಿ ಮಾರುವವರಿಗೆ ಮಳೆಯಲ್ಲಿ ಆಸರೆಯಾಗಲಿ ಅಂತ ಕಟ್ಟಿಸಿದ್ದು. ಊರಿನ ದೊಡ್ಡ ದುಡ್ಡು ಬಂದದ್ದು ಮಾತ್ರ ಕುರಿಯ ಉಣ್ಣೆಯಿಂದ. ಚರ್ಚಿನೊಳಗೆ 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ವ್ಯಾಪಾರಿಯ ಹಿತ್ತಾಳೆ ಫಲಕವಿದೆ. ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರ ಹೂವು ಅಂತ ಅವನನ್ನು ಅದರಲ್ಲಿ ಹೊಗಳಿದ್ದಾರೆ. ಮರುದಿನ ನಾನು ನಡೆದ ಗುಡ್ಡಗಳು ಮರವಿಲ್ಲದೆ ಬೋಳಾಗಿ, ಹಸಿರಾಗಿ ಯಾಕಿವೆ ಅಂತ ಅರ್ಥವಾದದ್ದು ಆ ಫಲಕದ ಮುಂದೆ ನಿಂತಾಗ. ನೂರಾರು ವರ್ಷ ಕುರಿ ಮೇಯಿಸಿದ ನೆಲ ಅದು.

ತಯಾರಿ ಹೆಚ್ಚೇನಿಲ್ಲ. ಎರಡು ತಿಂಗಳು ಪ್ರತಿ ಶನಿವಾರ ನಡೆದೆ. 8 ಕಿ.ಮೀ.ನಿಂದ ಶುರುಮಾಡಿ 20ಕ್ಕೆ ಬಂದು ನಿಲ್ಲಿಸಿದೆ. ಬೂಟನ್ನು ಈ ನಡಿಗೆಗಳಲ್ಲೇ ಪಳಗಿಸಿದೆ. ಹೊಸ ಬೂಟು ಹಾಕಿಕೊಂಡು ಇಂಥ ದಾರಿಗೆ ದಯವಿಟ್ಟು ಹೋಗಬೇಡಿ. ಚೀಲದಲ್ಲಿ ಎರಡು ಲೀಟರ್ ನೀರು, ಮಳೆ ಅಂಗಿ, ಒಂದು ಜೊತೆ ಒಣ ಸಾಕ್ಸ್, ಚಟ್ನಿಪುಡಿ ಸವರಿ ಸುತ್ತಿದ ನಾಲ್ಕು ಚಪಾತಿ, ಹುರಿದ ಅವಲಕ್ಕಿ. ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಓಎಲ್45 ಸಂಖ್ಯೆಯ ನಕ್ಷೆಯನ್ನು ಕಾಗದದ ರೂಪದಲ್ಲೇ ಒಯ್ದೆ. ಅದರಲ್ಲಿ ಹಸಿರು ಗೀಟುಗಳೇ ಕಾಲುದಾರಿ. ಫೋನಿನಲ್ಲೂ ನಕ್ಷೆ ಇತ್ತು, ಆದರೆ ಮಳೆಯಲ್ಲಿ ಒದ್ದೆ ಬೆರಳಿಗೆ ಫೋನು ಓಗೊಡುವುದಿಲ್ಲ. ಸಮಯದ ಲೆಕ್ಕಕ್ಕೆ 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ ಸೂತ್ರವಿದೆ. ಗಂಟೆಗೆ 5 ಕಿ.ಮೀ., ಮೇಲೆ ಹತ್ತುವ ಪ್ರತಿ 100 ಮೀಟರಿಗೆ 10 ನಿಮಿಷ ಸೇರಿಸಬೇಕು. ನನಗೆ 3 ಕಿ.ಮೀ. ಸರಿಯಾಯಿತು. ಊಟ, ಫೋಟೋ, ತಡಬೆ, ಗೇಟು ಎಲ್ಲ ಸೇರಿದರೆ ಅಷ್ಟೇ.

ಮೇ ಕೊನೆಯ ವಾರ. ಬೆಳಗಿನ ಏಳಕ್ಕೆ ಹೊರಟೆ. ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಹಾಗಾಗಿ ಗಾಬರಿ ಬೇಡ. ಮೊದಲ ಏರು ಡೋವರ್ಸ್ ಹಿಲ್. 1612ರ ಹೊತ್ತಿಗೆ ರಾಬರ್ಟ್ ಡೋವರ್ ಎಂಬಾತ ಇಲ್ಲಿ 'ಒಲಿಂಪಿಕ್' ಅಂತ ಹೆಸರಿಟ್ಟು ಆಟಗಳನ್ನು ಶುರುಮಾಡಿದ. ನಡುವೆ ನಿಂತುಹೋಗಿದ್ದ ಆ ಜಾತ್ರೆ ಈಗಲೂ ಬೇಸಿಗೆಯ ಶುರುವಿನಲ್ಲಿ ನಡೆಯುತ್ತದೆ. ಒಬ್ಬರ ಮೊಣಕಾಲ ಕೆಳಗೆ ಇನ್ನೊಬ್ಬರು ಒದೆಯುವ ಪಂದ್ಯವೂ ಉಂಟು. ಅವತ್ತು ಅಲ್ಲಿ ಇದ್ದದ್ದು ಮಂಜು, ಕುರಿಮರಿಗಳು ಮತ್ತು ನಾನು. ಅಲ್ಲಿಂದ ಹುಲ್ಲಿನ ಅಗಲ ದಾರಿಯಲ್ಲಿ ಹೋಗಿ ಬ್ರಾಡ್‌ವೇ ಟವರ್ ತಲುಪಿದೆ. 312 ಮೀಟರ್ ಎತ್ತರದಲ್ಲಿ, 18ನೇ ಶತಮಾನದ ಕೊನೆಯಲ್ಲಿ ಬರೀ ಚೆಂದಕ್ಕಾಗಿ ಕಟ್ಟಿಸಿದ ಗೋಪುರ. ಮಂಜು ಸರಿದು ಪಡುವಣ ದಿಕ್ಕಿನ ಬಯಲೆಲ್ಲ ಒಮ್ಮೆಲೇ ಕಂಡಿತು. ಸುಮ್ನೆ ಕೂತುಬಿಟ್ಟೆ.

ಇಳಿಜಾರಿನಲ್ಲಿ ಎಡಹಿಮ್ಮಡಿ ಬಿಸಿಯಾದಂತೆ ಅನ್ನಿಸಿತು. ಇದು ಮುಖ್ಯ. ಆ ಬಿಸಿ ಗೊತ್ತಾದ ಕೂಡಲೇ ನಿಲ್ಲಬೇಕು, ಮುಂದಿನ ಊರಿನವರೆಗೆ ತಡೆಯಬಾರದು. ಹುಲ್ಲಿನ ಮೇಲೆ ಕೂತು, ಕಾಲು ಒರೆಸಿ, ಬಟ್ಟೆಯ ಟೇಪು ಅಂಟಿಸಿದೆ. ಐದು ನಿಮಿಷ ಹೋಯಿತು, ಗುಳ್ಳೆ ಏಳಲಿಲ್ಲ. ಬ್ರಾಡ್‌ವೇ ಊರಿನಲ್ಲಿ ಚಹಾ ಕುಡಿದು, ನೀರು ತುಂಬಿಸಿಕೊಂಡು, ಮತ್ತೆ ಗುಡ್ಡ ಹತ್ತಿದೆ.

ದಾರಿ ತಪ್ಪಿದ್ದು ಶೆನ್‌ಬರೋ ಗುಡ್ಡದ ಹತ್ತಿರ. ಒಂದು ಗೇಟಿನ ಕಂಬದಲ್ಲಿ ಹಳದಿ ಬಾಣ ಕಂಡಿತು, ಅದರ ಹಿಂದೆಯೇ ಹೋದೆ. ಅರ್ಧ ಮೈಲಿ ಹೋದ ಮೇಲೆ ನಕ್ಷೆ ನೋಡಿದರೆ ದಾರಿ ಬೇರೆ. ಹಳದಿ ಬಾಣ ಯಾವ ಕಾಲುದಾರಿಗೂ ಇರುತ್ತದೆ. ನೀಲಿ ಬಾಣವಿದ್ದರೆ ಕುದುರೆಯೂ ಹೋಗಬಹುದು. ಕಾಟ್ಸ್‌ವೋಲ್ಡ್ ವೇ ದಾರಿಗೆ ಬಾಣದ ಜೊತೆ ಓಕ್ ಮರದ ಕಾಯಿಯ ಚಿತ್ರ ಇರಬೇಕು. ಆಮೇಲೆ ಪ್ರತಿ ಕಂಬದಲ್ಲೂ ಆ ಕಾಯಿ ಹುಡುಕಿದೆ.

ಸ್ಟಾಂಟನ್ ನನಗೆ ಈ ದಾರಿಯ ಅತಿ ಚೆಂದದ ಹಳ್ಳಿ. ಜೇನಿನ ಬಣ್ಣದ ಸುಣ್ಣದಕಲ್ಲಿನ ಮನೆಗಳು. ಅಂಗಡಿ ಬೋರ್ಡುಗಳ ಗದ್ದಲವಿಲ್ಲ. ಬುತ್ತಿ ಬಿಚ್ಚಿದೆ, ಸಾಕ್ಸ್ ಬದಲಿಸಿದೆ. ಒಣ ಸಾಕ್ಸ್ ಕೊಡುವ ಸುಖ ಹೇಳತೀರದು. ಮುಂದೆ ಸ್ಟಾನ್‌ವೇವರೆಗೆ ಹಳೆಯ ಮರಗಳ ನಡುವಿನ ಹುಲ್ಲುಗಾವಲು. ನೆಲ ಅಲೆ ಅಲೆಯಾಗಿದೆ. ನೂರಾರು ವರ್ಷಗಳ ಹಿಂದೆ ಎತ್ತು ಕಟ್ಟಿ ಉತ್ತ ಸಾಲುಗಳು ಹುಲ್ಲಿನಡಿ ಹಾಗೇ ಉಳಿದಿವೆ. ನೇಗಿಲ ಸಾಲಿನ ಮೇಲೆ ನಡೆಯುತ್ತಿದ್ದೇನೆ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು. ಸ್ಟಾನ್‌ವೇಯಲ್ಲಿ ಹುಲ್ಲು ಹೊದಿಸಿದ ಕ್ರಿಕೆಟ್ ಪೆವಿಲಿಯನ್ ಇದೆ. ಅಣಬೆ ಆಕಾರದ ಕಲ್ಲುಗಳ ಮೇಲೆ ಕೂರಿಸಿದ್ದಾರೆ. ಹಿಂದೆ ಇಲಿ ಹತ್ತದಿರಲಿ ಅಂತ ಕಣಜದ ಕೆಳಗೆ ಇಡುತ್ತಿದ್ದ ಕಲ್ಲುಗಳವು.

ವುಡ್ ಸ್ಟಾನ್‌ವೇ ದಾಟಿದ ಮೇಲಿನ ಏರು ದಿನದ ಅತಿ ಕಷ್ಟದ್ದು. ಅಲ್ಲೇ ಒಂದು ಹೊಲದಲ್ಲಿ ಕರುಗಳ ಜೊತೆ ಹಸುಗಳ ಹಿಂಡು ದಾರಿಗೆ ಅಡ್ಡವಾಗಿ ನಿಂತಿತ್ತು. ದನ ಸಾಕಿದ ಮನೆಯವಳು ನಾನು, ಆದರೂ ಕರು ಇರುವ ತಾಯಿಯ ಹತ್ತಿರ ಸಲುಗೆ ಬೇಡ. ಓಡದೆ, ಕೂಗದೆ, ಬೇಲಿಯ ಅಂಚು ಹಿಡಿದು ದೂರದಿಂದ ಬಳಸಿಕೊಂಡು ಬಂದೆ. ಎರಡು ಹಸು ತಲೆ ಎತ್ತಿ ನೋಡಿದವು, ಅಷ್ಟೇ. ದಾಟಿ ಬಂದು ಗೇಟು ಹಾಕಿ, ಚಿಲಕ ಎಳೆದು ನೋಡಿದೆ. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಬೇಕು. ನಮಗೆ ದಾರಿ ಕೊಟ್ಟ ರೈತನಿಗೆ ನಾವು ಕೊಡಬೇಕಾದದ್ದು ಇದೊಂದೇ.

ಅಪ್ಪ ಅಲ್ಲೇ ಫೋನ್ ಮಾಡಿದರು. ಊರಲ್ಲಿ ರಾತ್ರಿಯಾಗಿತ್ತು. "ಎಲ್ಲಿದ್ದೀಯ ಮಗಾ?" ಅಂದರು. "ಯಾರದೋ ಗದ್ದೆಯಲ್ಲಿ ಅಪ್ಪಾ" ಅಂದೆ. "ಗದ್ದೆಯವರು ಏನೂ ಅನ್ನಲ್ವಾ?" ಅಂತ ಕೇಳಿದರು. ತಡಬೆಯನ್ನು ವೀಡಿಯೊದಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿ, ಮರ ಯಾವುದು, ಮೊಳೆ ಹೊಡೆದಿದ್ದಾರೋ ಬೆಣೆಯೋ ಅಂತ ವಿಚಾರಿಸಿದರು.

ಹೇಲ್ಸ್ ಆ್ಯಬಿಗೆ ಇಳಿಯುವಾಗ ನಾಲ್ಕೂವರೆ. 1246ರಲ್ಲಿ ಸ್ಥಾಪಿಸಿದ ಕ್ರೈಸ್ತ ಮಠ, 1539ರಲ್ಲಿ ಮುಚ್ಚಿಹೋಯಿತು. ಈಗ ಉಳಿದಿರುವುದು ಕೆಲವು ಕಮಾನುಗಳು. ಕ್ರಿಸ್ತನ ರಕ್ತವೆಂದು ನಂಬಿದ್ದ ಒಂದು ಬುಡ್ಡಿಯನ್ನು ನೋಡಲು ಯಾತ್ರಿಕರು ದೂರದೂರದಿಂದ ನಡೆದು ಬರುತ್ತಿದ್ದರಂತೆ. ಕೊನೆಯ ಎರಡು ಮೈಲಿಗೆ ಆ ಯೋಚನೆ ಜೊತೆಗಿತ್ತು. ಮಂಡಿ ನೋಯುತ್ತಿತ್ತು, ಕೆಸರು ಬೂಟಿಗೆ ಅಂಟಿ ಭಾರವಾಗಿತ್ತು.

ವಿಂಚ್‌ಕಮ್ ಪೇಟೆ ಬೀದಿಗೆ ಕಾಲಿಟ್ಟಾಗ ಆರಕ್ಕೆ ಹತ್ತು ನಿಮಿಷ. ಚೆಲ್ಟೆನ್‌ಹ್ಯಾಮ್ ಕಡೆಗೆ ಬಸ್ಸಿದೆ, ಆದರೆ ಸಂಜೆ ಮತ್ತು ಭಾನುವಾರದ ವೇಳೆಯನ್ನು ಮೊದಲೇ ನೋಡಿಕೊಳ್ಳಿ. ಚರ್ಚಿನ ಗೋಡೆಯ ಮೇಲೆ ಬಾಯಿ ಕಿಸಿದ ಕಲ್ಲಿನ ಮುಖಗಳಿವೆ. ಅವುಗಳ ಕೆಳಗಿನ ಬೆಂಚಿನ ಮೇಲೆ ಕೂತು, ಬೂಟಿನ ದಾರ ಸಡಿಲಿಸಿ, ಉಳಿದ ಅವಲಕ್ಕಿ ತಿಂದೆ.