ಮೂಳೆ ಮುರಿದು ಆಸ್ಪತ್ರೆಯಲ್ಲಿರುವವರಿಗೆ ಬೀಡಿ, ಸಿಗರೇಟು ಬಿಡಿಸುವ ಬಗೆ

ಕಾಲು ಮುರಿದು ವಾರ್ಡಿನಲ್ಲಿ ಮಲಗಿದವರ ಮುಂದೆ ಕ್ಯಾನ್ಸರಿನ ಮಾತೆತ್ತಿದರೆ ಹೆಚ್ಚಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅವರ ಚಿಂತೆಯೆಲ್ಲ ಮತ್ತೆ ಯಾವಾಗ ನಡೆದೇನು ಎಂಬುದಾದ್ದರಿಂದ ಶುಶ್ರೂಷಕರು ಅಲ್ಲಿಂದಲೇ ಆರಂಭಿಸಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಇದರಿಂದ ಮೂಳೆ ಕೂಡುವುದು ತಡವಾಗುತ್ತದೆ, ಕೆಲವರಲ್ಲಿ ಕೂಡುವುದೇ ಇಲ್ಲ, ಗಾಯಕ್ಕೆ ಸೋಂಕು ತಗಲುವ ಸಂಭವವೂ ಹೆಚ್ಚುತ್ತದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಯಜಮಾನ್ರೇ, ಈ ಬಿರುಕು ತುಂಬಬೇಕಾದರೆ ಇಲ್ಲಿಗೆ ರಕ್ತ ಬರಬೇಕು, ಬೀಡಿ ಅದಕ್ಕೇ ಅಡ್ಡ ಬರುತ್ತೆ" ಎಂದರೆ ಸಾಕು.

ದಿನಕ್ಕೆ ಎಷ್ಟು ಸೇದುತ್ತಾರೆ ಎಂಬುದರ ಜೊತೆಗೆ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತಾರೆಂದೂ ಕೇಳಿ ಬರೆದುಕೊಳ್ಳಿ. 30 ನಿಮಿಷದೊಳಗೆ ಎಂದರೆ ಚಟ ಬಲವಾಗಿದೆ ಎಂದರ್ಥ. ಹೊಗೆಸೊಪ್ಪು, ಗುಟ್ಕಾಗಳನ್ನೂ ವಿಚಾರಿಸಿ, ಏಕೆಂದರೆ ಹಾಸಿಗೆ ಬಿಟ್ಟೇಳಲಾಗದವರು ಸದ್ದಿಲ್ಲದೆ ಅವುಗಳತ್ತ ಹೊರಳುವುದುಂಟು.

ಬಿಟ್ಟ ಮೊದಲ ಎರಡು ಮೂರು ದಿನ ಬಲು ಕಷ್ಟದವು. ಸಿಡುಕು, ನಿದ್ರೆಗೇಡು, ಚಡಪಡಿಕೆಗಳನ್ನು ರೋಗಿಯ ಸ್ವಭಾವವೆಂದು ಭಾವಿಸಬಾರದು. ನೋವು ಹೆಚ್ಚಿದಂತೆ ಸೇದುವ ಹಂಬಲವೂ ಹೆಚ್ಚುವುದರಿಂದ ನೋವಿನ ಔಷಧ ಹೊತ್ತಿಗೆ ಸರಿಯಾಗಿ ಸಿಗಬೇಕು. ಆದರೆ ಮಾತು ತೊದಲುವುದು, ಗೊಂದಲ, ಏದುಸಿರು, ಕೈನಡುಕ ಕಂಡರೆ ಬೀಡಿಯ ಮೇಲೆ ಹೊರಿಸದೆ ತಕ್ಷಣ ವೈದ್ಯರನ್ನು ಕರೆಯಬೇಕು. ಉದ್ದ ಮೂಳೆ ಮುರಿದಾಗ ಕೊಬ್ಬಿನ ಕಣಗಳು ರಕ್ತಕ್ಕೆ ಸೇರುವ ಅಪಾಯವಿದೆ, ಕುಡಿತ ಒಮ್ಮೆಲೇ ನಿಂತದ್ದೂ ಕಾರಣವಾಗಿರಬಹುದು.

ಸೇದುವ ಹಂಬಲ ತಣಿಸಲು ಜಗಿಯುವ ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ದೊರೆಯುತ್ತದೆ. ಅದರಲ್ಲೂ ನಿಕೋಟಿನ್ ಇರುವುದರಿಂದ ಕೊಡಬೇಕೇ, ಎಷ್ಟು ಎಂಬುದನ್ನು ಶಸ್ತ್ರಚಿಕಿತ್ಸಕರೇ ನಿರ್ಧರಿಸಲಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅದರಲ್ಲಿಲ್ಲ ಎಂಬುದು ಅದರ ಪರವಾದ ಮಾತು. ಚೂಯಿಂಗ್ ಗಮ್‌ನಂತೆ ಜಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಶುರುವಾಗಿ ರೋಗಿ ಅದನ್ನೇ ದೂರಿ ಬಿಟ್ಟುಬಿಡುತ್ತಾರೆ. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಚಹಾ, ಕಾಫಿ ಬೇಡ.

ಇಷ್ಟೆಲ್ಲ ಮಾಡಿದರೂ ಬೀಡಿ ಕಟ್ಟು ದಿಂಬಿನಡಿಗೆ ಬರುವುದು ಸಾಮಾನ್ಯವಾಗಿ ನೋಡಲು ಬಂದ ನೆಂಟರ ಜೇಬಿನಿಂದ. ಅವರನ್ನು ಪ್ರತ್ಯೇಕವಾಗಿ ಕರೆದು ಹೇಳಿ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುವ 2003ರ ತಂಬಾಕು ಕಾಯ್ದೆಯ ದಂಡದ ಬೆದರಿಕೆ ಹಾಕಿದರೆ ಬಚ್ಚಿಡುವುದು ಹೆಚ್ಚುತ್ತದೆಯೇ ಹೊರತು ಸೇದುವುದು ಕಡಿಮೆಯಾಗುವುದಿಲ್ಲ.

ಮನೆಗೆ ಕಳುಹಿಸುವಾಗ ಬಿಡುಗಡೆ ಪತ್ರದಲ್ಲಿ ಈ ವಿಷಯ ನಮೂದಿಸಿ, ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356 ಅನ್ನು ಅವರ ಮೊಬೈಲಿನಲ್ಲೇ ಉಳಿಸಿಕೊಡಿ. ಮರುತಪಾಸಣೆಗೆ ಬಂದಾಗ ಒಂದೆರಡು ಸೇದಿದ್ದೇನೆ ಎಂದರೆ ಗದರದೆ, ಯಾವ ಹೊತ್ತಿಗೆ, ಯಾರ ಜೊತೆ ಎಂದು ಕೇಳಿ, ಆ ಹೊತ್ತಿಗೆ ಬೇರೇನು ಮಾಡಬಹುದೆಂದು ಅವರ ಬಾಯಿಂದಲೇ ಹೇಳಿಸಿ.