ಗ್ಲಾಸ್ಗೋದ ದಾಖಲೆಗಳಲ್ಲಿ ಡೊನೆಗಾಲ್‌ನ ಊರನ್ನು ಹುಡುಕಿದ ಬಗೆ

ನನ್ನ ಅತ್ತೆಯವರ ತವರಿನ ಹಿರಿಯರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐರ್ಲೆಂಡಿನಿಂದ ಗ್ಲಾಸ್ಗೋಗೆ ಬಂದು ನೆಲೆಸಿದವರು. ಬಾಯ್ಲ್ ಎಂಬ ಮನೆತನದ ಹೆಸರೊಂದನ್ನು ಬಿಟ್ಟರೆ ಅವರ ಮೂಲದ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಇಂಥ ಹುಡುಕಾಟಕ್ಕೆ ಕೈಹಾಕಿದವರು ಸಾಮಾನ್ಯವಾಗಿ ನೇರವಾಗಿ ಐರ್ಲೆಂಡಿನ ದಾಖಲೆಗಳತ್ತ ಹೋಗುತ್ತಾರೆ. ನಾನು ಹಾಗೆ ಮಾಡದಿರಲು ಕಾರಣವಿತ್ತು. ಅಲ್ಲಿಯ 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಬೆಂಕಿಗೆ ಆಹುತಿಯಾಯಿತು. 1861ರಿಂದ 1891ರವರೆಗಿನದನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶಪಡಿಸಿತ್ತು. ಕ್ಯಾಥೊಲಿಕರ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1864ರಲ್ಲಿ. ಊರಿನ ಹೆಸರು ತಿಳಿಯದೆ ಅಲ್ಲಿಗೆ ಹೋದರೆ ಹೆಸರುಗಳ ರಾಶಿ ಸಿಗುತ್ತದೆಯೇ ಹೊರತು ಮನುಷ್ಯರು ಸಿಗುವುದಿಲ್ಲ. ಆ ಊರಿನ ಹೆಸರನ್ನು ಸ್ಕಾಟ್ಲೆಂಡಿನ ಕಾಗದಗಳಿಂದಲೇ ಹೊರತೆಗೆಯಬೇಕೆಂದು ನಿಶ್ಚಯಿಸಿದೆ.

ಸ್ಕಾಟ್ಲೆಂಡಿನ ಜನಗಣತಿಯಿಂದ ಹೆಚ್ಚೇನೂ ದೊರೆಯಲಿಲ್ಲ. ಜನ್ಮಸ್ಥಳದ ಕಲಮಿನಲ್ಲಿ ಬರೇ ‘ಐರ್ಲೆಂಡ್’ ಎಂದಿತ್ತು, ಬಹುತೇಕ ವಲಸಿಗರಿಗೆ ಬರೆದದ್ದೂ ಅಷ್ಟೆ. ನಿಜವಾದ ಸಂಪತ್ತು ಇರುವುದು 1855ರ ಜನವರಿ 1ರಿಂದ ಆರಂಭವಾದ ಸರ್ಕಾರಿ ನೋಂದಣಿಯಲ್ಲಿ. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರು, ಉದ್ಯೋಗ ಮತ್ತು ತಾಯಿಯ ತವರಿನ ಮನೆತನದ ಹೆಸರು ಇರುತ್ತವೆ. ಅದೇ ಕಾಲದ ಇಂಗ್ಲೆಂಡಿನ ಅಥವಾ ಐರ್ಲೆಂಡಿನ ಮರಣ ದಾಖಲೆಯಲ್ಲಿ ಈ ಮಾಹಿತಿ ಸಿಗುವುದಿಲ್ಲ. ಐರ್ಲೆಂಡಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ತೀರಿಕೊಂಡ ಒಬ್ಬ ಕೂಲಿಯ ಮರಣ ದಾಖಲೆ, ಸಮುದ್ರ ದಾಟದೆ ಹಿಂದೆಯೇ ಉಳಿದ ಅವನ ತಂದೆತಾಯಿಯರ ಹೆಸರನ್ನೂ ಹೇಳುತ್ತದೆ. ನಮ್ಮ ಕುಟುಂಬದ ಮಟ್ಟಿಗೆ ಐರ್ಲೆಂಡಿನ ಒಂದು ತಲೆಮಾರು ಗೊತ್ತಾದದ್ದು ಹೀಗೆ.

ಜನನ ದಾಖಲೆಯೂ ಅಷ್ಟೇ ಉಪಯುಕ್ತ. 1855ರ ಒಂದು ವರ್ಷ ಅದರಲ್ಲಿ ತಂದೆತಾಯಿಯರ ವಯಸ್ಸು, ಹುಟ್ಟಿದ ಊರು, ಮದುವೆಯ ಸ್ಥಳ ಮತ್ತು ದಿನಾಂಕ ಎಲ್ಲವನ್ನೂ ಬರೆಸಿದರು. ಅಷ್ಟೊಂದು ವಿವರ ಬರೆಯುವುದು ಹೊರೆಯೆನಿಸಿ ಮರುವರ್ಷವೇ ಕೈಬಿಟ್ಟರು, ಮದುವೆಯ ವಿವರವನ್ನು ಮಾತ್ರ 1861ರಿಂದ ಮತ್ತೆ ಸೇರಿಸಿದರು. ಆದ್ದರಿಂದ ಹಿರಿಯ ಮಗುವಿನ ದಾಖಲೆಯೊಂದಕ್ಕೇ ತೃಪ್ತರಾಗದೆ 1861ರ ನಂತರ ಹುಟ್ಟಿದ ಅದರ ತಮ್ಮತಂಗಿಯರ ದಾಖಲೆಗಳನ್ನೂ ತೆಗೆಸಬೇಕು. ಸ್ಕಾಟ್ಲ್ಯಾಂಡ್ಸ್‌ಪೀಪಲ್ ಜಾಲತಾಣದಲ್ಲಿ ಪ್ರತಿ ಪುಟಕ್ಕೂ ಹಣ ತೆರಬೇಕು, ನಿಜ. ಆದರೂ ಈ ಕುಟುಂಬದ ಕಿರಿಯ ಮಗುವಿಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ. ತಂದೆತಾಯಿಯರ ಮದುವೆ ಐರ್ಲೆಂಡಿನ ಡೊನೆಗಾಲ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ನಡೆದದ್ದು ಅಲ್ಲಿ ದಾಖಲಾಗಿತ್ತು.

ಕೌಂಟಿ ತಿಳಿದರೂ ಊರು ತಿಳಿಯಲಿಲ್ಲ. ಡೊನೆಗಾಲ್‌ನಲ್ಲಿ ಬಾಯ್ಲ್ ಎಂಬ ಹೆಸರು ಎಷ್ಟು ದಟ್ಟವೆಂದರೆ ಅದರ ಪಶ್ಚಿಮ ಕರಾವಳಿಯ ಒಂದು ಭಾಗಕ್ಕೇ ಆ ಕುಲದಿಂದ ಬಾಯ್ಲಾ ಎಂಬ ಹೆಸರು ಬಂದಿದೆ. ಇಲ್ಲಿ ನೆರವಾದದ್ದು ಗಂಡನಿಗಿಂತ ಹೆಂಡತಿ. ಆಕೆಯ ತವರಿನ ಹೆಸರು ಬೊನರ್. ಸ್ಕಾಟ್ಲೆಂಡಿನ ಮರಣ ಸೂಚಿಯಲ್ಲಿ ಮದುವೆಯಾದ ಹೆಣ್ಣನ್ನು ಗಂಡನ ಹೆಸರಿನಡಿಯಲ್ಲೂ ತವರಿನ ಹೆಸರಿನಡಿಯಲ್ಲೂ ಹುಡುಕಬಹುದು. ಓದುಬರಹ ಬಾರದವರ ಮಾತನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರಿಂದ ಬೊನರ್, ಬಾನರ್ ಎಲ್ಲವನ್ನೂ ಜಾಲಾಡಿದೆ. ಆಕೆ ವಿಧವೆಯಾಗಿದ್ದ ಕಾಲ ಖಚಿತವಾದ ಮೇಲೆ ಬಡವರ ಪರಿಹಾರದ ಅರ್ಜಿಗಳತ್ತ ತಿರುಗಿದೆ.

ಗ್ಲಾಸ್ಗೋದ ಈ ಅರ್ಜಿಗಳು ಮಿಚೆಲ್ ಗ್ರಂಥಾಲಯದಲ್ಲಿವೆ. ಐರಿಷ್ ಮೂಲ ಹುಡುಕುವವರಿಗೆ ಇವುಗಳಿಗಿಂತ ಉತ್ತಮವಾದ ಆಕರವನ್ನು ನಾನು ಕಂಡಿಲ್ಲ. ಸ್ಕಾಟ್ಲೆಂಡಿನ 1845ರ ಬಡವರ ಕಾಯ್ದೆಯ ಪ್ರಕಾರ ಒಂದು ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಸ್ಥಳೀಯ ಘಟಕದಲ್ಲಿ, ಐದು ವರ್ಷ ನೆಲೆಸಿದವರಿಗೆ ಆ ಪ್ಯಾರಿಷ್ಷೇ ನೆರವು ಕೊಡಬೇಕಿತ್ತು. ಆ ಹಕ್ಕಿಲ್ಲದ ಐರಿಷರನ್ನು ಐರ್ಲೆಂಡಿಗೆ ವಾಪಸು ಕಳಿಸಬಹುದಿತ್ತು. ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಯಿದ್ದುದರಿಂದ ಇನ್ಸ್‌ಪೆಕ್ಟರುಗಳು ಅರ್ಜಿದಾರರು ಹುಟ್ಟಿದ ಊರು, ಮದುವೆ, ಮಕ್ಕಳು, ತಂದೆತಾಯಿ, ಹಿಂದೆ ವಾಸವಿದ್ದ ಬೀದಿಗಳು ಎಲ್ಲವನ್ನೂ ಕೆದಕಿ ಕೇಳಿ ಬರೆದುಕೊಂಡರು. ಕರುಣೆಗಿಂತ ಲೆಕ್ಕಾಚಾರವೇ ಹೆಚ್ಚಾಗಿದ್ದ ಆ ವಿಚಾರಣೆಯ ಫಲವಾಗಿ ಬಾಯ್ಲಾ ಪ್ರದೇಶದ ಟೆಂಪಲ್‌ಕ್ರೋನ್ ಪ್ಯಾರಿಷ್‌ನ ಹೆಸರು ನನ್ನ ಕೈಗೆ ಬಂತು.

ಪ್ಯಾರಿಷ್ ಸಿಕ್ಕಿದೊಡನೆ ದೀಕ್ಷಾಸ್ನಾನದ ದಾಖಲೆಯೂ ಸಿಗುವುದೆಂದು ಭಾವಿಸಬಾರದು. ಪಶ್ಚಿಮ ಡೊನೆಗಾಲ್‌ನ ಹಲವು ಕ್ಯಾಥೊಲಿಕ್ ಚರ್ಚುಗಳ ದಾಖಲೆ ಪುಸ್ತಕಗಳು ತೀರ ತಡವಾಗಿ ಆರಂಭವಾಗುತ್ತವೆ, ನಮಗೆ ಬೇಕಾದ ಕಾಲದ್ದು ಇಲ್ಲಿ ಇರಲಿಲ್ಲ. ಆದ್ದರಿಂದ 1847ರಿಂದ 1864ರವರೆಗೆ ಐರ್ಲೆಂಡಿನಾದ್ಯಂತ ಪ್ರಕಟವಾದ, ತೆರಿಗೆಗಾಗಿ ಭೂಮಿಯ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನ ಪಟ್ಟಿಯನ್ನು ತೆರೆದೆ. ಅದು ಟೌನ್‌ಲ್ಯಾಂಡ್ ಎಂಬ ಸಣ್ಣ ಸಣ್ಣ ಭೂಘಟಕಗಳ ಪ್ರಕಾರ ಹಿಡುವಳಿದಾರರನ್ನು ಹೆಸರಿಸುತ್ತದೆ. ಒಂದೇ ಹೆಸರಿನವರು ಹಲವರಿದ್ದಲ್ಲಿ ಅವರನ್ನು ಬೇರ್ಪಡಿಸಲು ಎಷ್ಟೋ ಕಡೆ ತಂದೆಯ ಹೆಸರನ್ನೂ ಆವರಣದಲ್ಲಿ ಸೇರಿಸಲಾಗಿದೆ. ಗ್ಲಾಸ್ಗೋದ ಮರಣ ದಾಖಲೆಯಿಂದ ಬಂದ ತಂದೆಯ ಹೆಸರು ಇಲ್ಲಿ ಜರಡಿಯಂತೆ ಕೆಲಸ ಮಾಡಿತು: ಬಾಯ್ಲ್‌ಗಳ ಗುಂಪಿನಲ್ಲಿ ಕೊನೆಗೆ ಎರಡು ಟೌನ್‌ಲ್ಯಾಂಡ್‌ಗಳಷ್ಟೇ ಉಳಿದವು, ಅವುಗಳಲ್ಲಿ ಒಂದರಲ್ಲಿ ಪಕ್ಕದ ಹಿಡುವಳಿ ಬೊನರ್ ಮನೆತನದ್ದು. ಇದು ಪುರಾವೆಯಲ್ಲ, ಬಲವಾದ ಸಾಧ್ಯತೆ ಮಾತ್ರ. ವಂಶವೃಕ್ಷದಲ್ಲಿ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಉಳಿಸಿದ್ದೇನೆ. ಆ ಮೌಲ್ಯಮಾಪನದ ನಂತರ ಹಿಡುವಳಿ ಯಾರಿಂದ ಯಾರ ಕೈಗೆ ಹೋಯಿತೆಂದು ಬರೆದಿಟ್ಟ ಪರಿಷ್ಕರಣ ಪುಸ್ತಕಗಳು ಡಬ್ಲಿನ್ನಿನಲ್ಲಿವೆ. ಮುಂದೆ ನೋಡಬೇಕಾದದ್ದು ಅವನ್ನು.