ಪ್ಯಾನೆಲ್‌ಗೂ ಮೊದಲು ನೆರಳು ನೋಡಿ

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಸೋಲಾರ್ ಹಾಕಿಸಬೇಕೆಂದವರೆಲ್ಲ ಮೊದಲು ‘ಎಷ್ಟು ಕಿಲೋವ್ಯಾಟ್?’ ಎಂದು ಕೇಳುತ್ತಾರೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಮರುಪ್ರಶ್ನೆ ಹಾಕುತ್ತೇನೆ: ಸ್ನಾನದ ನೀರು ಯಾವುದರಿಂದ ಕಾಯುತ್ತದೆ?

ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚು. ಅದೂ ಬೆಳಿಗ್ಗೆ ಆರೂವರೆಗೆ, ಪ್ಯಾನೆಲ್‌ಗೆ ಬಿಸಿಲು ತಾಗುವ ಮೊದಲೇ. ಹಾಗಾಗಿ ಗೀಸರ್ ಬದಲು ಮೊದಲು ಸೋಲಾರ್ ವಾಟರ್ ಹೀಟರ್ ಕೂರಿಸಿ. ಬಳಿಕ ಫ್ಯಾನುಗಳನ್ನು ನೋಡಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ನಾಲ್ಕು ಫ್ಯಾನುಗಳು ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ಎರಡು ಯೂನಿಟ್ ಉಳಿಯುತ್ತದೆ. ಅರ್ಧ ಕಿಲೋವ್ಯಾಟ್ ಪ್ಯಾನೆಲ್‌ನ ಇಡೀ ದಿನದ ದುಡಿಮೆ ಅದು.

ಇಷ್ಟಾದ ಮೇಲೆ ತಾರಸಿ ಹತ್ತಿ. ನೆರಳನ್ನು ಡಿಸೆಂಬರ್‌ನಲ್ಲಿಯೇ ನೋಡಬೇಕು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಪಕ್ಕದ ಮನೆಯ ತೆಂಗು ಎಲ್ಲವೂ ಉದ್ದನೆಯ ನೆರಳು ಚೆಲ್ಲುತ್ತವೆ. ಬೆಳಿಗ್ಗೆ ಒಂಬತ್ತು, ನಡುಮಧ್ಯಾಹ್ನ, ಸಂಜೆ ನಾಲ್ಕು, ಮೂರು ಹೊತ್ತೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆಯೊಳಗೆ ಪ್ಯಾನೆಲ್ ಬೇಡ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ನಮ್ಮ ಅಕ್ಷಾಂಶಕ್ಕೆ ದಕ್ಷಿಣಾಭಿಮುಖವಾಗಿ ಸುಮಾರು 15 ಡಿಗ್ರಿ ಓರೆ ಸರಿಯಾಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಆದ್ದರಿಂದ ಅದಕ್ಕಿಂತ ಕಡಿದಾಗಿ ಎತ್ತಿಸಬೇಡಿ.

ಒಂದು ಕಿಲೋವ್ಯಾಟ್‌ಗೆ ನೂರು ಚದರಡಿ ಜಾಗ ಹಿಡಿಯುತ್ತದೆ, ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ ಕೊಡುತ್ತದೆ. ಒಟ್ಟು 78,000, ಅದರಾಚೆ ಏನೂ ಇಲ್ಲ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ನೋಂದಾಯಿತರಾದವರಿಂದಲೇ ಮಾಡಿಸಿ. ಪ್ಯಾನೆಲ್‌ನ ಕೋಶಗಳು ದೇಶದಲ್ಲಿ ತಯಾರಾದವೇ ಎಂದು ಕೇಳಿ ತಿಳಿಯಿರಿ, ಇಲ್ಲದಿದ್ದರೆ ಸಹಾಯಧನ ಸಿಗದು. ವಿದ್ಯುತ್ ಜಾಲಕ್ಕೆ ಕೊಟ್ಟದ್ದು, ಅಲ್ಲಿಂದ ಪಡೆದದ್ದು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂರುವವರೆಗೆ ಕೊನೆಯ ಕಂತು ಕೊಡಬೇಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಹಣದ ಲೆಕ್ಕ ಬೇರೆಯೇ ಆಗುತ್ತದೆ. ಅಂಥವರಿಗೆ ಸಾಲ ಮಾಡಿ ಹಾಕಿಸಿ ಎಂದು ನಾನು ಹೇಳುವುದಿಲ್ಲ.

ಕರೆಂಟ್ ಹೋದಾಗ, ರಣಬಿಸಿಲಿದ್ದರೂ, ಬ್ಯಾಟರಿ ಇಲ್ಲದ ಈ ವ್ಯವಸ್ಥೆ ನಿಂತುಬಿಡುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ ತಗುಲಬಾರದೆಂದು, ಪ್ಯಾನೆಲ್‌ನ ವಿದ್ಯುತ್ತನ್ನು ಮನೆ ಬಳಕೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಾನಾಗಿಯೇ ಸಂಪರ್ಕ ಕಡಿದುಕೊಳ್ಳುತ್ತದೆ. ಆ ಮನುಷ್ಯನ ಪ್ರಾಣ ನಿಂತಿರುವುದು ಈ ಏರ್ಪಾಟಿನ ಮೇಲೆ. ಅದನ್ನು ತಪ್ಪಿಸುವ ಉಪಾಯ ಯಾರು ಹೇಳಿದರೂ ಒಪ್ಪಬೇಡಿ.

ದಿನಚರಿಯನ್ನೂ ಬಿಸಿಲಿಗೆ ಹೊಂದಿಸಿಕೊಳ್ಳಿ. ಬೋರ್‌ವೆಲ್ ಮೋಟಾರು, ಇಸ್ತ್ರಿ, ವಾಷಿಂಗ್ ಮೆಷಿನ್, ಸ್ಕೂಟರ್ ಚಾರ್ಜಿಂಗ್ ಎಲ್ಲವೂ ಹತ್ತರಿಂದ ಮೂರರೊಳಗೆ ಮುಗಿಯಲಿ. ಹಗಲಿನಲ್ಲಿ ಪಾವಗಡದಂಥ ಸೌರ ಪಾರ್ಕುಗಳ ವಿದ್ಯುತ್ತೂ ಜಾಲಕ್ಕೆ ಹರಿಯುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಮೇಲೆ ಹೊರೆ ಬೀಳುತ್ತದೆ. ದೇಶದ ಸರಾಸರಿಯಲ್ಲಿ ಜಾಲದ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಲೆಕ್ಕದಲ್ಲಿ ಮೂರು ಕಿಲೋವ್ಯಾಟ್‌ನ ತಾರಸಿ ವರ್ಷಕ್ಕೆ ಮೂರು ಟನ್ ತಪ್ಪಿಸುತ್ತದೆ.

ನಮ್ಮೂರಿನ ಧೂಳಿಗೆ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಬೆಳಗಿನ ತಂಪಿನಲ್ಲಿ, ಮೆತ್ತನೆಯ ಬಟ್ಟೆಯಿಂದ. ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಉಳಿಸುತ್ತದೆ, ನಲ್ಲಿ ನೀರು ಮೇಲು. ಬಿಲ್ ಬಂದಾಗ ಜಾಲಕ್ಕೆ ಕೊಟ್ಟ ಯೂನಿಟ್‌ಗಳನ್ನು ಹಿಂದಿನ ತಿಂಗಳಿನ ಜೊತೆ ಹೋಲಿಸಿ. ಮೋಡವಿಲ್ಲದ ತಿಂಗಳಲ್ಲಿ ಮನೆಯ ಬಳಕೆ ಹೆಚ್ಚದೆಯೂ ಆ ಅಂಕಿ ಇಳಿದಿದ್ದರೆ, ಕಂಪನಿಗೆ ಫೋನ್ ಮಾಡುವ ಮೊದಲು ಒಮ್ಮೆ ತಾರಸಿ ಹತ್ತಿ ನೋಡಿ.